ಮಗಳ ಕೋಣೆಗೆ ಕಡಿಮೆ ಖರ್ಚಿನಲ್ಲಿ ಹೊಸ ರೂಪ ಕೊಡಬೇಕು, ಎಲ್ಲಿಂದ ಶುರು ಮಾಡಲಿ?

ಕಿಟಕಿಪಕ್ಕ
ಎಲ್ಲರಿಗೂ ನಮಸ್ಕಾರ. ಮಗಳಿಗೆ 14 ತುಂಬಿತು. ಕೋಣೆ ಮಾತ್ರ ಅವಳು ಚಿಕ್ಕವಳಿದ್ದಾಗ ಹೇಗಿತ್ತೋ ಹಾಗೇ ಇದೆ. ತಿಳಿ ಗುಲಾಬಿ ಗೋಡೆ, ಬಾತುಕೋಳಿ ಸ್ಟಿಕರ್, ಗೊಂಬೆ ಇಡುತ್ತಿದ್ದ ಕಪಾಟು. ಗೆಳತಿಯರು ಬಂದರೆ ಹಾಲ್‌ನಲ್ಲೇ ಕೂರಿಸಿಕೊಳ್ಳುತ್ತಾಳೆ, ಕೋಣೆಯ ಬಾಗಿಲು ಎಳೆದುಬಿಡುತ್ತಾಳೆ. ಅದನ್ನು ನೋಡಿದ ಮೇಲೆ ಇನ್ನು ಮುಂದೂಡುವುದು ಬೇಡ ಅನ್ನಿಸಿದೆ.

ಕೋಣೆ 10 ಅಡಿಗೆ 10 ಅಡಿ. ಒಂದೇ ಕಿಟಕಿ, ಮೇಲೆ ಒಂದು ಟ್ಯೂಬ್‌ಲೈಟ್. ಮಂಚ, ಓದುವ ಮೇಜು, ಪಾರ್ಟಿಕಲ್ ಬೋರ್ಡಿನ (ಮರದ ಪುಡಿ ಒತ್ತಿ ಮಾಡಿದ ಹಲಗೆ) ಹಳೆ ಬೀರು. ಬೀರುವಿನ ಅಂಚೆಲ್ಲಾ ಕಿತ್ತು ಬಂದಿದೆ. ಹೊಸ ಮಂಚ, ಹೊಸ ಬೀರು ತರುವಷ್ಟು ದುಡ್ಡಿಲ್ಲ. ಬಣ್ಣ, ಬಟ್ಟೆ, ಒಂದಿಷ್ಟು ಚಿಲ್ಲರೆ ಸಾಮಾನಿಗೆ ಆಗುತ್ತದೆ, ಅಷ್ಟೇ. ಕೆಲಸ ನಾವೇ ಮಾಡಿಕೊಳ್ಳುತ್ತೇವೆ.

ಅವಳಿಗೆ ಕಡುನೀಲಿ ಬೇಕಂತೆ, ಹೆಚ್ಚುಕಡಿಮೆ ಕಪ್ಪು ಅನ್ನಬೇಕು, ಅಂಥದ್ದು. ನಾಲ್ಕೂ ಗೋಡೆಗೆ! ಜೊತೆಗೆ ಸುತ್ತಲೂ ಎಲ್‌ಇಡಿ ಲೈಟ್. ಇಷ್ಟು ಚಿಕ್ಕ ಕೋಣೆಗೆ ಅಷ್ಟು ಗಾಢ ಬಣ್ಣ ಹೊಡೆದರೆ ಇನ್ನೂ ಇಕ್ಕಟ್ಟಾಗುವುದಿಲ್ವಾ? ಅವಳ ಆಸೆಗೆ ಅಡ್ಡ ಬರಲೂ ಮನಸ್ಸಿಲ್ಲ. ತಿಳಿದವರು ಹೇಳಿ.

ಬ್ರಶ್‌ಕೆಲಸ
ಮೇಡಂ, ಬಣ್ಣದ ಕೆಲಸವೇ ನನ್ನ ಕಸುಬು. ಗಾಢ ಬಣ್ಣಕ್ಕೆ ಹೆದರಬೇಡಿ. ಆದರೆ ನಾಲ್ಕು ಗೋಡೆಗೆ ಬೇಡ, ಒಂದು ಗೋಡೆಗೆ ಸಾಕು. ಅದೂ ಮಂಚದ ತಲೆಭಾಗದ ಗೋಡೆಗೆ. ಕೋಣೆಗೆ ಕಾಲಿಟ್ಟ ತಕ್ಷಣ ಕಣ್ಣಿಗೆ ಬೀಳುವುದು ಅದೇ. ಕಿಟಕಿ ಇರುವ ಗೋಡೆಗೆ ಮಾತ್ರ ಹೊಡೆಯಬೇಡಿ. ಹೊರಗಿನ ಬೆಳಕಿನ ಪಕ್ಕದಲ್ಲಿ ಆ ಗೋಡೆ ಮೊದಲೇ ಕತ್ತಲಾಗಿ ಕಾಣುತ್ತದೆ, ನೀಲಿ ಹೊಡೆದರೆ ಪೂರ್ತಿ ಕಪ್ಪೇ. ಉಳಿದ ಮೂರಕ್ಕೆ ಅರೆಬಿಳಿ ಹೊಡೆದರೆ ಕೋಣೆ ಚಿಕ್ಕದಾಗುವುದಿಲ್ಲ.

ಖರ್ಚಿನ ಲೆಕ್ಕ ನೋಡಿ. 1 ಲೀಟರ್ ಎಮಲ್ಷನ್, ಅಂದರೆ ನೀರಿನಲ್ಲಿ ಕಲಸುವ ಗೋಡೆ ಬಣ್ಣ, ಒಂದು ಕೋಟ್‌ಗೆ ಸುಮಾರು 100ರಿಂದ 120 ಚದರ ಅಡಿ ಬರುತ್ತದೆ. ನಿಮ್ಮ ಒಂದು ಗೋಡೆ 100 ಚದರ ಅಡಿ ಅಂದರೆ ಎರಡು ಕೋಟ್‌ಗೆ 2 ಲೀಟರ್ ಸಾಕು. ನಾಲ್ಕೂ ಗೋಡೆಗೆ ಹೋದರೆ ಬಾಗಿಲು, ಕಿಟಕಿ ಕಳೆದರೂ 6-7 ಲೀಟರ್ ಬೇಕು. ಗಾಢ ಶೇಡ್ ಸಾಮಾನ್ಯವಾಗಿ ದುಬಾರಿಯೂ ಹೌದು. ಬಣ್ಣಕ್ಕೆ ಮೊದಲು ಹಚ್ಚುವ ಪ್ರೈಮರ್‌ಗೆ ಸ್ವಲ್ಪ ಬೂದು ಬಣ್ಣ ಬೆರೆಸಿಕೊಡಿ ಅಂತ ಅಂಗಡಿಯಲ್ಲಿ ಕೇಳಿ. ಬಿಳಿ ಪ್ರೈಮರ್ ಮೇಲೆ ಕಡುನೀಲಿ ಮೂರು ಕೋಟ್ ಕುಡಿಯುತ್ತದೆ, ಬೂದು ಪ್ರೈಮರ್ ಮೇಲಾದರೆ ಎರಡರಲ್ಲೇ ಮುಚ್ಚುತ್ತದೆ.

ಮೊದಲು ಗೋಡೆ ಮುಟ್ಟಿ ನೋಡಿ. ತೇವ ಇದ್ದರೆ, ಬೂಷ್ಟು ಹಿಡಿದಿದ್ದರೆ, ಬಣ್ಣ ಚಕ್ಕೆ ಏಳುತ್ತಿದ್ದರೆ ಅದನ್ನು ಸರಿಮಾಡದೆ ಮೇಲೆ ಏನು ಹೊಡೆದರೂ ನಿಲ್ಲುವುದಿಲ್ಲ. ಸ್ಟಿಕರ್‌ಗೆ ಹೇರ್ ಡ್ರೈಯರ್ ಬಿಸಿಗಾಳಿ ಹಿಡಿಯಿರಿ, ಅಂಟು ಮೆತ್ತಗಾದ ಮೇಲೆ ಮೂಲೆಯಿಂದ ನಿಧಾನಕ್ಕೆ ಎಳೆಯಿರಿ. ಮನೆ ತುಂಬಾ ಹಳೆಯದಾಗಿದ್ದರೆ ಹಳೆ ಬಣ್ಣದಲ್ಲಿ ಸೀಸ ಇರಬಹುದು. ಒಣಗೋಡೆಯನ್ನು ಉಜ್ಜಿ ಧೂಳೆಬ್ಬಿಸಬೇಡಿ.

ಮಾಸ್ಕಿಂಗ್ ಟೇಪ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮನೆಯಲ್ಲಿ ಮಾಡುವವರ ಕೆಲಸ ಕೆಡುವುದೇ ಇಲ್ಲಿ. ನೀಲಿಯೂ ಬಿಳಿಯೂ ಸೇರುವ ಗೆರೆಗೆ ಟೇಪ್ ಅಂಟಿಸಿ, ಅಂಚನ್ನು ಬೆರಳಿನಿಂದ ಒತ್ತಿ. ತಕ್ಷಣ ನೀಲಿ ಹಚ್ಚಬೇಡಿ. ಮೊದಲು ಟೇಪಿನ ಅಂಚಿಗೆ ಅದರ ಕೆಳಗಿರುವ ಬಿಳಿಯನ್ನೇ ತೆಳ್ಳಗೆ ಒಂದು ಕೈ ಎಳೆಯಿರಿ. ಸಂದಿಗೆ ನುಗ್ಗುವುದಿದ್ದರೆ ಬಿಳಿಯೇ ನುಗ್ಗಿ ಸಂದಿ ಮುಚ್ಚುತ್ತದೆ. ಒಣಗಿದ ಮೇಲೆ ನೀಲಿ ಹಚ್ಚಿ. ಕೊನೆಯ ಕೋಟ್ ಇನ್ನೂ ಹಸಿಯಿರುವಾಗಲೇ ಟೇಪನ್ನು ಹಿಂದಕ್ಕೆ ಮಡಚಿ ಓರೆಯಾಗಿ ಎಳೆಯಿರಿ. ಪೂರ್ತಿ ಒಣಗಲು ಬಿಟ್ಟರೆ ಬಣ್ಣದ ಪದರವೂ ಟೇಪಿನ ಜೊತೆ ಎದ್ದು ಬರುತ್ತದೆ.

ಇಬ್ಬರಮ್ಮ
ಬ್ರಶ್‌ಕೆಲಸ ಅಣ್ಣಾ, ಮ್ಯಾಟ್ ಒಳ್ಳೆಯದಾ, ಹೊಳಪಿನದ್ದಾ? ನಮ್ಮಲ್ಲೂ ಇದೇ ಯೋಚನೆ ನಡೆದಿದೆ.

ಬ್ರಶ್‌ಕೆಲಸ
ಗೋಡೆಯ ಉಬ್ಬುತಗ್ಗು ಮುಚ್ಚಲು ಮ್ಯಾಟ್ ಒಳ್ಳೆಯದು. ಆದರೆ ಗಾಢ ಮ್ಯಾಟ್ ಗೋಡೆಗೆ ತಲೆ ಒರಗಿಸಿ ಕೂತರೆ, ಕೈ ಉಜ್ಜಿದರೆ, ಆ ಜಾಗ ಹೊಳೆಯತೊಡಗುತ್ತದೆ. ಮಂಚದ ಪಕ್ಕಕ್ಕೆ ಮಂದ ಹೊಳಪಿನ ಸ್ಯಾಟಿನ್ ಬಣ್ಣ ತೆಗೆದುಕೊಳ್ಳಿ, ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಅದಕ್ಕೆ ಗೋಡೆ ನುಣ್ಣಗಿರಬೇಕು, ಉಬ್ಬುತಗ್ಗು ತುಂಬುವ ಪುಟ್ಟಿ ಲೇಪ ಹಾಕುವಾಗ ಆತುರ ಬೇಡ.

ಫ್ಯಾನ್‌ಕೆಳಗೆ
ನನಗೆ 17. ಆಂಟಿ, ಒಂದು ಮಾತು. ದಯವಿಟ್ಟು ಅವಳಿಲ್ಲದಾಗ ಮಾಡಿ ಮುಗಿಸಿ ಸರ್‌ಪ್ರೈಸ್ ಕೊಡಬೇಡಿ. ಚೆನ್ನಾಗೇ ಇದ್ದರೂ ಅದು ನಿಮ್ಮ ಆಯ್ಕೆಯ ಕೋಣೆ ಆಗುತ್ತದೆ. ಬಜೆಟ್ ಎಷ್ಟು ಅಂತ ಅವಳಿಗೇ ಹೇಳಿ. ಇಷ್ಟರಲ್ಲಿ ಏನು ಬೇಕು, ಏನು ಬೇಡ ಅಂತ ಅವಳೇ ಬರೆಯಲಿ. ದುಡ್ಡಿನ ಲೆಕ್ಕ ಕೈಗೆ ಬಂದರೆ ನಾವೇ ಯೋಚನೆ ಮಾಡುತ್ತೇವೆ. ನಾಲ್ಕು ಗೋಡೆ ಒಂದು ಗೋಡೆಗೆ ಇಳಿಯುವುದೂ ಆವಾಗಲೇ.

ನಮ್ಮ ವಯಸ್ಸಿನವರಿಗೆ ಬಣ್ಣಕ್ಕಿಂತ ಮುಖ್ಯ ಕೆಲವು ಇವೆ. ಗೆಳೆಯರು ಬಂದರೆ ಕೂರಲು ನೆಲದ ಮೇಲೆ ಜಾಗ. ರಾತ್ರಿ ಮಂಚದಿಂದ ಏಳದೆ ಆರಿಸುವಂಥ ಲೈಟ್. ಬೇಕಾದ್ದನ್ನು ಚುಚ್ಚಿಡಲು, ಬೇಡವಾದಾಗ ಕಿತ್ತು ಹಾಕಲು ಒಂದು ದೊಡ್ಡ ಬೋರ್ಡ್. ನಮ್ಮ ಇಷ್ಟ ಬೇಗ ಬದಲಾಗುತ್ತದೆ, ಅದು ನಮಗೂ ಗೊತ್ತು. ಈ ವರ್ಷ ಇಷ್ಟವಾದ ತಂಡದ ಪೋಸ್ಟರ್ ಮುಂದಿನ ವರ್ಷ ಬೇಡ ಅನ್ನಿಸಬಹುದು. ಅದಕ್ಕೇ ಬದಲಾಯಿಸಲು ಆಗುವಂಥದ್ದು ಜಾಸ್ತಿ ಇರಲಿ. ಮತ್ತೆ ಒಂದು ಡ್ರಾಯರ್ ಆದರೂ ಪೂರ್ತಿ ಅವಳದ್ದೇ ಆಗಿರಲಿ, ಬೇರೆ ಯಾರೂ ತೆಗೆಯದ ಹಾಗೆ.

ಕಿಟಕಿಪಕ್ಕ
ನಿನ್ನ ಮಾತು ಅವಳಿಗೂ ಓದಿ ಹೇಳಿದೆ ಕಣಮ್ಮಾ. ಡ್ರಾಯರ್ ವಿಷಯ ಬಂದಾಗ ಅವಳ ಮುಖ ನೋಡಬೇಕಿತ್ತು. ಪಟ್ಟಿ ಮಾಡಲು ಆಗಲೇ ಕೂತಿದ್ದಾಳೆ. ಥ್ಯಾಂಕ್ಸ್.

ಫ್ಯೂಸ್‌ವೈರ್
ಬಣ್ಣ ತರುವ ಮೊದಲು ಬೆಳಕಿನ ವಿಷಯ ತೀರ್ಮಾನ ಮಾಡಿ. ಗಾಢ ಗೋಡೆ ಬೆಳಕನ್ನು ನುಂಗುತ್ತದೆ. ಈಗಿರುವ ಒಂದೇ ಟ್ಯೂಬ್‌ಲೈಟ್ ಆಮೇಲೆ ಮಂಕಾಗಿ ಕಾಣುತ್ತದೆ. ಹಾಗಂತ ಮೇಲಿನ ಲೈಟನ್ನೇ ದೊಡ್ಡದು ಮಾಡಬೇಕಿಲ್ಲ. ಕೆಳಗೆ ಎರಡು ಕಡೆ ಬೆಳಕು ಕೊಡಿ, ಕೋಣೆಯ ಕಳೆಯೇ ಬೇರೆಯಾಗುತ್ತದೆ.

ಬಲ್ಬಿನ ಡಬ್ಬಿಯ ಮೇಲೆ ಕೆಲ್ವಿನ್ ಅಂಕಿ ಇರುತ್ತದೆ. 2700 ಅಂದರೆ ಹಳದಿ ಛಾಯೆಯ ಬೆಚ್ಚಗಿನ ಬೆಳಕು, 4000 ಸಾಧಾರಣ ಬಿಳಿ, 6500 ನೀಲಿಗೆ ತಿರುಗಿದ ಬಿಳಿ. ಓದುವ ಮೇಜಿಗೆ 4000 ಹಾಕಿ, ಮಂಚದ ಪಕ್ಕ 2700. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ನಿದ್ದೆಯ ವೈದ್ಯರು ಹೇಳುತ್ತಾರೆ. ಮಲಗುವ ಹೊತ್ತಿಗೆ ಕಣ್ಣಿಗೆ ನೀಲಿಬಿಳಿ ಬೆಳಕು ಬೀಳುತ್ತಿದ್ದರೆ ನಿದ್ದೆ ಮುಂದಕ್ಕೆ ಹೋಗುತ್ತದೆ. ಟೇಬಲ್ ಲ್ಯಾಂಪನ್ನು ಬರೆಯುವ ಕೈಯ ಎದುರು ಬದಿಗೆ ಇಡಿ. ಬಲಗೈಯಲ್ಲಿ ಬರೆದರೆ ಲ್ಯಾಂಪ್ ಎಡಕ್ಕೆ. ಇಲ್ಲದಿದ್ದರೆ ಕೈಯ ನೆರಳು ಅಕ್ಷರದ ಮೇಲೇ ಬೀಳುತ್ತದೆ.

ಈಗ ಎಲ್‌ಇಡಿ ಪಟ್ಟಿ. ಛಾವಣಿಯ ಸುತ್ತ ಓಡಿಸಬೇಡಿ, ಮಲಗಿದವರ ಕಣ್ಣಿಗೇ ಚುಚ್ಚುತ್ತದೆ. ಮಂಚದ ತಲೆಹಲಗೆಯ ಹಿಂದೆ, ಗೋಡೆ ಕಡೆ ಮುಖ ಮಾಡಿ ಅಂಟಿಸಿ. ಬಲ್ಬು ಕಾಣಬಾರದು, ಬೆಳಕು ಮಾತ್ರ ಕಾಣಬೇಕು. ಹೀಗಾದರೆ 2 ಮೀಟರ್‌ನಲ್ಲೇ ಕೆಲಸ ಮುಗಿಯುತ್ತದೆ. ಹೆಚ್ಚಾಗಿ ಸಿಗುವುದು 5 ಮೀಟರ್‌ನ 12 ವೋಲ್ಟ್ ರೋಲ್. ಕತ್ತರಿ ಹಾಕುವುದು ಪಟ್ಟಿಯ ಮೇಲೆ ತಾಮ್ರದ ಚುಕ್ಕೆ ಮತ್ತು ಗೆರೆ ಇರುವ ಕಡೆ ಮಾತ್ರ. ಅಡಾಪ್ಟರ್ ಲೆಕ್ಕ ಸುಲಭ. ಮೀಟರ್‌ಗೆ 4.8 ವ್ಯಾಟ್ ಅಂತಿದ್ದರೆ 5 ಮೀಟರ್‌ಗೆ 24 ವ್ಯಾಟ್. ಅದರ ಮೇಲೆ ಐದನೇ ಒಂದು ಭಾಗ ಹೆಚ್ಚಿಗೆ ಇಟ್ಟುಕೊಳ್ಳಿ, 30 ವ್ಯಾಟಿನ ಅಡಾಪ್ಟರ್ ಆರಾಮಾಗಿ ಎಳೆಯುತ್ತದೆ. ಮೀಟರ್‌ಗೆ 14.4 ವ್ಯಾಟಿನ ಪಟ್ಟಿಯೂ ಇದೆ, 5 ಮೀಟರ್‌ಗೆ 72 ವ್ಯಾಟ್ ಬೇಕು. ಚಿಕ್ಕ ಅಡಾಪ್ಟರ್‌ಗೆ ಅದನ್ನು ಸಿಕ್ಕಿಸಿದರೆ ಅಡಾಪ್ಟರ್ ಸುಡುವಷ್ಟು ಬಿಸಿಯಾಗುತ್ತದೆ. ಅಡಾಪ್ಟರ್ ಗಾಳಿಯಾಡುವ ಕಡೆ ಇರಲಿ. ಹಾಸಿಗೆ ಸಂದಿಯಲ್ಲಿ, ದಿಂಬಿನ ಹಿಂದೆ, ಪರದೆಯ ಮಡಿಕೆಯಲ್ಲಿ ಖಂಡಿತ ಬೇಡ.

ಇನ್ನೊಂದು, ಗೋಡೆಗೆ ಡ್ರಿಲ್ ಹಾಕುವವರು ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ತೂತು ಕೊರೆಯಬೇಡಿ. ವೈರ್ ಸಾಮಾನ್ಯವಾಗಿ ಅದೇ ಗೆರೆಯಲ್ಲಿ ಹೋಗಿರುತ್ತದೆ.

ಕಿಟಕಿಪಕ್ಕ
ತಲೆಹಲಗೆಯ ಹಿಂದೆ ಲೈಟ್ ಅನ್ನುವುದು ಅವಳಿಗೆ ತುಂಬಾ ಹಿಡಿಸಿತು. ಒಂದು ಗೋಡೆಗೂ ಒಪ್ಪಿಕೊಂಡಳು. ಈಗ ಬೀರುವಿನ ಕಥೆ ಹೇಳಿ ಯಾರಾದರೂ. ಅದರ ಮೇಲ್ಮೈ ನುಣುಪು, ಬಣ್ಣ ಹಿಡಿಯುತ್ತದಾ?

ಮರಪುಡಿ
ಹಿಡಿಯುತ್ತದೆ, ತಯಾರಿ ಸರಿಯಿದ್ದರೆ. ಬೀರುವಿಗೆ ಬಣ್ಣ ಹೊಡೆಯುವುದು ಒಂದು ಪಾಲು, ತಯಾರಿ ಮೂರು ಪಾಲು.

ಬಾಗಿಲು ಬಿಚ್ಚಿ ನೆಲದ ಮೇಲೆ ಮಲಗಿಸಿ. ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ. ಹಿಡಿಕೆಯ ಸುತ್ತ ವರ್ಷಗಟ್ಟಲೆ ಕೈಯ ಜಿಡ್ಡು ಕೂತಿರುತ್ತದೆ, ಆ ಜಾಗವನ್ನು ಎರಡು ಸಲ ತೊಳೆಯಿರಿ. ಆಮೇಲೆ 220 ನಂಬರಿನ ಸ್ಯಾಂಡ್ ಪೇಪರ್‌ನಿಂದ ಹಗುರಕ್ಕೆ ಉಜ್ಜಿ. ಲ್ಯಾಮಿನೇಟ್ ಕಿತ್ತುಬರುವಷ್ಟು ಉಜ್ಜುವುದಲ್ಲ, ಹೊಳಪು ಹೋಗಿ ಮಂಕಾದರೆ ಸಾಕು. ಬೆರಳಾಡಿಸಿದರೆ ಸ್ವಲ್ಪ ತರಿತರಿ ಅನ್ನಿಸಬೇಕು. ಧೂಳು ಒರೆಸಿ, ನುಣುಪು ಮೇಲ್ಮೈಗೆ ಅಂಟುವಂಥ ಬಾಂಡಿಂಗ್ ಪ್ರೈಮರ್ ಹಚ್ಚಿ. ಸಾಮಾನ್ಯ ಗೋಡೆ ಪ್ರೈಮರ್ ಇಲ್ಲಿ ಉಗುರಿಗೇ ಎದ್ದು ಬರುತ್ತದೆ. ಅದರ ಮೇಲೆ ನೀರಿನ ಎನಾಮೆಲ್, ಸ್ಪಂಜಿನ ಚಿಕ್ಕ ರೋಲರ್‌ನಲ್ಲಿ, ತೆಳ್ಳಗೆ ಎರಡು ಕೋಟ್.

ಕಿತ್ತುಹೋದ ಅಂಚಿಗೆ ಮರದ ಪುಟ್ಟಿ ತುಂಬಿ, ಒಣಗಿದ ಮೇಲೆ ಸಮ ಮಾಡಿ. ಆದರೆ ನೀರು ಕುಡಿದು ಉಬ್ಬಿದ ಪಾರ್ಟಿಕಲ್ ಬೋರ್ಡ್ ಮತ್ತೆ ಇಳಿಯುವುದಿಲ್ಲ. ಉಬ್ಬನ್ನು ಕೆತ್ತಿ, ಪುಟ್ಟಿ ತುಂಬುವುದೊಂದೇ ದಾರಿ.

ಬಣ್ಣ ಕೆಲವು ಗಂಟೆಯಲ್ಲಿ ಒಣಗಿದ ಹಾಗೆ ಕಾಣುತ್ತದೆ, ಗಟ್ಟಿಯಾಗಲು ವಾರಗಳೇ ಬೇಕು. ಅಲ್ಲಿಯವರೆಗೆ ಸ್ಟಿಕರ್, ಟೇಪ್ ಏನೂ ಅಂಟಿಸಬೇಡಿ. ಹೊಸ ಹಿಡಿಕೆ ಹಾಕುವ ಮನಸ್ಸಿದ್ದರೆ ಹಳೆಯದರ ಎರಡು ತೂತಿನ ನಡುವಿನ ದೂರ ಅಳೆದುಕೊಂಡು ಹೋಗಿ. ಒಂದು ತೂತಿನ ನಡುವಿನಿಂದ ಇನ್ನೊಂದರ ನಡುವಿಗೆ ಅಳೆಯಬೇಕು. 96 ಮಿ.ಮೀ., 128 ಮಿ.ಮೀ. ಸುಲಭವಾಗಿ ಸಿಗುತ್ತವೆ. ಹಳೆ ಬೀರು ಹೊಸದಾಗಿ ಕಾಣಲು ಹಿಡಿಕೆಯಷ್ಟು ಕಡಿಮೆ ಖರ್ಚಿನ ದಾರಿ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ಮತ್ತೆ, ಬೀರುವನ್ನು ಎಲ್ ಆಕಾರದ ಕಬ್ಬಿಣದ ಪಟ್ಟಿಯಿಂದ ಗೋಡೆಗೆ ಕಟ್ಟಿ. ಎತ್ತರದ ಪುಸ್ತಕದ ಕಪಾಟಿದ್ದರೆ ಅದಕ್ಕೂ ಅಷ್ಟೇ. ಮಕ್ಕಳು ಮೇಲಿನ ಖಾನೆಗೆ ಕೈ ಹಾಕಲು ಕೆಳಗಿನದ್ದರ ಮೇಲೆ ಹತ್ತುತ್ತಾರೆ. ಇದಕ್ಕೆ ತಗಲುವುದು ಎರಡು ಪಟ್ಟಿ, ನಾಲ್ಕು ಸ್ಕ್ರೂ. ಅಲಂಕಾರ ಬೇಕಾದರೆ ಆಮೇಲೆ ಮಾಡಿ, ಇದನ್ನು ಬಿಡಬೇಡಿ.

ಇಬ್ಬರಮ್ಮ
ಮರಪುಡಿ ಅವರೇ, ಸರಕು ಸಾಗಿಸುವ ಮರದ ಪ್ಯಾಲೆಟ್ ಬಿಟ್ಟಿಗೆ ಸಿಗುತ್ತದಲ್ಲ, ಅದರಲ್ಲೇ ಮಂಚ, ಬೆಂಚು ಮಾಡಿಕೊಳ್ಳಬಹುದು ಅಂತ ಎಲ್ಲೆಲ್ಲೂ ತೋರಿಸುತ್ತಾರೆ. ನಿಜವಾಗಿ ಬಳಸಬಹುದಾ?

ಮರಪುಡಿ
ಗುರುತು ನೋಡಿ ಬಳಸಿ. ದೇಶದಿಂದ ದೇಶಕ್ಕೆ ಹೋಗುವ ಪ್ಯಾಲೆಟ್ ಮೇಲೆ ತೆನೆಯ ಚಿತ್ರದ ಮುದ್ರೆ ಒತ್ತಿರುತ್ತಾರೆ. ಪಕ್ಕದಲ್ಲಿ 'ಎಚ್‌ಟಿ' ಅಂತಿದ್ದರೆ ಕಾಯಿಸಿ ಹುಳು ಕೊಂದದ್ದು, ಪರವಾಗಿಲ್ಲ. 'ಎಂಬಿ' ಅಂತಿದ್ದರೆ ಮೀಥೈಲ್ ಬ್ರೋಮೈಡ್ ಅನಿಲ ಹಾಯಿಸಿದ್ದು. ಮಲಗುವ ಕೋಣೆಗೆ ಅದು ಬೇಡವೇ ಬೇಡ. ಮುದ್ರೆಯೇ ಇಲ್ಲದ್ದು, ಎಣ್ಣೆಯೋ ಇನ್ನೇನೋ ಚೆಲ್ಲಿ ಕಲೆಯಾದದ್ದು, ಬಿಟ್ಟಿಗೆ ಕೊಟ್ಟರೂ ತರಬೇಡಿ. ಒಳ್ಳೆಯದು ಸಿಕ್ಕರೂ ಮೊಳೆ ಬಿಟ್ಟಿದೆಯಾ ನೋಡಿ, ಚೆನ್ನಾಗಿ ಉಜ್ಜಿ. ಸಿಬಿರು ಚುಚ್ಚುವ ಬೆಂಚಿನ ಮೇಲೆ ಯಾರೂ ಕೂರುವುದಿಲ್ಲ.

ದಾರಸೂಜಿ
ಬಟ್ಟೆಯ ಕೆಲಸ ನನಗೆ ಬಿಡಿ. ಇಷ್ಟು ಚಿಕ್ಕ ಕೋಣೆಯಲ್ಲಿ ಕಿಟಕಿಯ ಪರದೆಗೆ ತುಂಬಾ ಶಕ್ತಿ ಇದೆ, ಯಾರೂ ಅದನ್ನು ಹೇಳಲಿಲ್ಲ. ಸರಳನ್ನು ಚೌಕಟ್ಟಿನ ಮೇಲೇ ಹಾಕಬೇಡಿ. ಚೌಕಟ್ಟಿಗಿಂತ 4-6 ಇಂಚು ಮೇಲೆ ಹಾಕಿ, ಎರಡೂ ಪಕ್ಕ 6-8 ಇಂಚು ಹೊರಗೆ ಚಾಚಿರಲಿ. ಪರದೆ ಸರಿಸಿದಾಗ ಬಟ್ಟೆ ಗೋಡೆಯ ಮೇಲೆ ನಿಲ್ಲುತ್ತದೆ, ಪೂರ್ತಿ ಗಾಜು ಬೆಳಕು ಕೊಡುತ್ತದೆ. ಕಿಟಕಿಯೂ ದೊಡ್ಡದಾಗಿ ಕಾಣುತ್ತದೆ. ಬಟ್ಟೆಯ ಅಗಲ ಸರಳಿನ ಉದ್ದದ ಎರಡರಷ್ಟು ಇದ್ದರೆ ನೆರಿಗೆ ತುಂಬಿಕೊಂಡು ಬೀಳುತ್ತದೆ. ಉಳಿತಾಯ ಅಂತ ಒಂದರಷ್ಟೇ ಹಾಕಿದರೆ ಬೆಡ್‌ಶೀಟ್ ನೇತುಹಾಕಿದಂತೆ ಇರುತ್ತದೆ.

ಬೆಡ್‌ಶೀಟ್ ಅಂದೆ ನೋಡಿ, ಪರದೆಗೆ ನಿಜಕ್ಕೂ ಅದೇ ಅಗ್ಗ. ಒಂದು ಡಬಲ್ ಶೀಟ್ ನಡುವೆ ಕತ್ತರಿಸಿದರೆ ಎರಡು ಪರದೆ, ಎರಡು ಅಂಚು ಆಗಲೇ ಹೊಲಿದು ಬಂದಿರುತ್ತದೆ. ಕಾಟನ್ ಆದರೆ ಕತ್ತರಿಸುವ ಮೊದಲು ತೊಳೆದು ಒಣಗಿಸಿ, ಕುಗ್ಗುವಷ್ಟು ಕುಗ್ಗಲಿ. ಕೆಳಗಿನ ಅಂಚಿಗೆ 3-4 ಇಂಚು ಮಡಚಿ ಹೊಲಿಯಿರಿ, ಆ ಭಾರಕ್ಕೆ ಪರದೆ ನೇರ ಬೀಳುತ್ತದೆ.

ಆ ಹುಡುಗಿ ಕೇಳಿದ ಪಿನ್ ಬೋರ್ಡ್ ಮನೆಯಲ್ಲೇ ಆಗುತ್ತದೆ. ದೊಡ್ಡ ರಟ್ಟಿನ ಪೆಟ್ಟಿಗೆ ಬಿಚ್ಚಿ ಒಂದೇ ಅಳತೆಯ ಎರಡು ಹಾಳೆ ಕತ್ತರಿಸಿ. ಒಂದರ ಒಳಗೆರೆ ಉದ್ದಕ್ಕಿದ್ದರೆ ಇನ್ನೊಂದರದ್ದು ಅಡ್ಡಕ್ಕೆ ಬರುವ ಹಾಗೆ ಅಂಟಿಸಿ, ಮೇಲೆ ಪುಸ್ತಕ ಪೇರಿಸಿ ರಾತ್ರಿಯಿಡೀ ಬಿಡಿ. ಹೀಗೆ ಮಾಡಿದ್ದು ಸೊಟ್ಟಗಾಗುವುದಿಲ್ಲ. ಹಳೆ ಜೀನ್ಸ್ ಬಟ್ಟೆ ಎಳೆದು ಹಿಂದೆ ಸ್ಟೇಪಲ್ ಮಾಡಿ. ಜೇಬಿರುವ ಭಾಗ ಮುಂದಕ್ಕೆ ಬರಲಿ, ಪೆನ್ನು, ಇಯರ್‌ಫೋನ್ ಇಡಬಹುದು. ರಿಬ್ಬನ್ ಅಡ್ಡಡ್ಡ ಕಟ್ಟಿದರೆ ಪಿನ್ ಇಲ್ಲದೆಯೂ ಫೋಟೊ ಸಿಕ್ಕಿಸಬಹುದು.

ಬಾಡಿಗೆಮನೆ
ಬಾಡಿಗೆಯವರಿಗೂ ಒಂದು ದಾರಿ ಹೇಳುತ್ತೇನೆ. ಬಣ್ಣ ಬದಲಾಯಿಸುವ ಹಾಗಿಲ್ಲ, ಮೊಳೆ ಹೊಡೆಯುವ ಹಾಗಿಲ್ಲ ಅಂದರೆ ತೆಳು ಕಾಟನ್ ಬಟ್ಟೆಯನ್ನು ಗಂಜಿಯಿಂದ ಗೋಡೆಗೆ ಅಂಟಿಸಬಹುದು. ಕಾರ್ನ್‌ಸ್ಟಾರ್ಚ್ ಅನ್ನು ನೀರಿನಲ್ಲಿ ಕದಡಿ ಕುದಿಸಿದರೆ ಗಂಜಿ ತಯಾರು. ಗೋಡೆಗೆ ಹಚ್ಚಿ, ಬಟ್ಟೆ ಮೇಲಿಂದ ಕೆಳಕ್ಕೆ ಕೂರಿಸಿ, ಮೇಲೂ ಒಂದು ಕೈ ಹಚ್ಚಿ. ಮನೆ ಬಿಡುವಾಗ ಒದ್ದೆ ಸ್ಪಂಜಿನಿಂದ ನೆನೆಸಿ ಎಳೆದರೆ ಬಟ್ಟೆ ಹಾಗೇ ಬಿಟ್ಟುಬರುತ್ತದೆ. ಗೋಡೆ ಒರೆಸಿದರೆ ಮುಗಿಯಿತು.

ಅಂಟಿನ ಕೊಕ್ಕೆಗಳನ್ನು ತೆಗೆಯುವಾಗ ಮುಂದಕ್ಕೆ ಎಳೆಯಬೇಡಿ. ಕೆಳಗಿನ ಬಾಲವನ್ನು ಗೋಡೆಗೆ ಒತ್ತಿದಂತೆ ಇಟ್ಟು ನೇರ ಕೆಳಕ್ಕೆ, ನಿಧಾನಕ್ಕೆ ಎಳೆಯಬೇಕು.

ಬ್ರಶ್‌ಕೆಲಸ
ಗಂಜಿ ಉಪಾಯ ಒಣ ಗೋಡೆಗೆ ಮಾತ್ರ. ತೇವದ ಗೋಡೆಗೆ ಬೇಡ, ಬಟ್ಟೆಯ ಹಿಂದೆ ಬೂಷ್ಟು ಬೆಳೆದರೆ ಕಣ್ಣಿಗೂ ಕಾಣುವುದಿಲ್ಲ. ಒಳಗಿನ ಎಮಲ್ಷನ್ ಒದ್ದೆಗೆ ತಡೆಯುತ್ತದಾ ಅಂತ ಮೂಲೆಯಲ್ಲಿ ಅಂಗೈಯಗಲ ಬಟ್ಟೆ ಅಂಟಿಸಿ, ಕಿತ್ತು ನೋಡಿ, ಆಮೇಲೆ ಮುಂದುವರಿಸಿ.

ಇಬ್ಬರಮ್ಮ
ಕಪ್ಪುಹಲಗೆ ಬಣ್ಣ ಹೊಡೆದು ಬರೆಯಲು ಬಿಟ್ಟರೆ ಹೇಗೆ? ಕಡುಬಣ್ಣದ ಆಸೆಯೂ ತೀರುತ್ತದೆ.

ಬ್ರಶ್‌ಕೆಲಸ
ಚೆಂದವೇ, ಆದರೆ ದಿಂಬಿನ ಹತ್ತಿರ ಬೇಡ. ಸೀಮೆಸುಣ್ಣದ ಪುಡಿ ಹಾಸಿಗೆ ಮೇಲೆ ಬೀಳುತ್ತಲೇ ಇರುತ್ತದೆ. ಉಬ್ಬಸ ಇರುವ ಮಕ್ಕಳಿದ್ದರಂತೂ ಆ ಯೋಚನೆ ಬಿಟ್ಟುಬಿಡಿ. ಬಾಗಿಲ ಹಿಂಭಾಗಕ್ಕೆ ಹೊಡೆಯಬಹುದು. ಚೆನ್ನಾಗಿ ಗಟ್ಟಿಯಾದ ಮೇಲೆ ಸೀಮೆಸುಣ್ಣವನ್ನು ಮಲಗಿಸಿ ಇಡೀ ಹಲಗೆಗೆ ಉಜ್ಜಿ ಒರೆಸಿ, ಆಮೇಲೆ ಬರೆಯಲಿ. ಇಲ್ಲದಿದ್ದರೆ ಮೊದಲು ಬರೆದದ್ದರ ನೆರಳು ಹಾಗೇ ಉಳಿಯುತ್ತದೆ.

ಕಿಟಕಿಪಕ್ಕ
ಮಗಳ ಪಟ್ಟಿ ಬಂತು. ಬೆಟ್ಟಗಳ ಸಾಲು ಬೇಕಂತೆ ನೀಲಿ ಗೋಡೆಯ ಕೆಳಭಾಗದಲ್ಲಿ, ಒಂದರ ಹಿಂದೆ ಒಂದು. ಚಿತ್ರ ಅವಳೇ ಬಿಡಿಸಿದ್ದಾಳೆ, ನೋಟ್‌ಬುಕ್ ಹಾಳೆಯಷ್ಟು ಚಿಕ್ಕದು. ಗೋಡೆಗೆ ದೊಡ್ಡದು ಮಾಡುವುದು ಹೇಗೆ? ಪ್ರೊಜೆಕ್ಟರ್ ಇಲ್ಲ.

ಬ್ರಶ್‌ಕೆಲಸ
ಅವಳೇ ಬಿಡಿಸಿದ್ದು ಅಂದರೆ ಖಂಡಿತ ಗೋಡೆಗೆ ಬರಲಿ. ಪ್ರೊಜೆಕ್ಟರ್ ಬೇಡ. ಹಾಳೆಯ ಮೇಲೆ 2 ಸೆಂ.ಮೀ. ಚೌಕ ಎಳೆಯಲಿ, ಗೋಡೆಯ ಮೇಲೆ 30 ಸೆಂ.ಮೀ. ಚೌಕ. 15 ಪಟ್ಟು ದೊಡ್ಡದಾಯಿತು. ಒಂದೊಂದು ಚೌಕವನ್ನೂ ಬೇರೆ ಚಿತ್ರ ಅಂದುಕೊಂಡು, ಗೆರೆ ಯಾವ ಬದಿಯಲ್ಲಿ ಒಳಗೆ ಬರುತ್ತದೆ, ಎಲ್ಲಿ ಹೊರಗೆ ಹೋಗುತ್ತದೆ ನೋಡಿ ಎಳೆಯುತ್ತಾ ಹೋಗಬೇಕು. ಗೋಡೆಯ ಮೇಲೆ ಪೆನ್ಸಿಲ್ ಬೇಡ, ಸೀಮೆಸುಣ್ಣ ಬಳಸಿ. ಒದ್ದೆ ಬಟ್ಟೆಗೆ ಹೋಗುತ್ತದೆ.

ಬೇರೆ ಬೇರೆ ಬಣ್ಣದ ಡಬ್ಬಿ ಕೊಳ್ಳಬೇಡಿ. ಅದೇ ನೀಲಿಗೆ ಮಿಕ್ಕ ಗೋಡೆಯ ಬಿಳಿಯನ್ನು ಬೆರೆಸಿ. ದೂರದ ಬೆಟ್ಟಕ್ಕೆ ಬಿಳಿ ಜಾಸ್ತಿ, ಹತ್ತಿರ ಬಂದಂತೆ ಕಡಿಮೆ. ಎಲ್ಲಾ ಬೆಟ್ಟವೂ ನೀಲಿಗಿಂತ ಒಂದು ಮೆಟ್ಟಿಲಾದರೂ ತಿಳಿಯಾಗಿರಲಿ, ಇಲ್ಲದಿದ್ದರೆ ಗೋಡೆಯಲ್ಲಿ ಕರಗಿಹೋಗುತ್ತದೆ. ದೂರದ ಬೆಟ್ಟದಿಂದ ಶುರು ಮಾಡಿ, ಅದು ಒಣಗಿದ ಮೇಲೆ ಮುಂದಿನದ್ದು. ಮಂಚ ಮುಚ್ಚುವ ಭಾಗ ಅಳೆದುಕೊಳ್ಳಿ, ಶಿಖರಗಳು ಅದಕ್ಕಿಂತ ಮೇಲೆ ಬರಲಿ.

ಶೇಡ್ ಆರಿಸಿದ್ದೀರಾ? ಸ್ಯಾಂಪಲ್ ಡಬ್ಬಿ ತಂದು ದೊಡ್ಡ ರಟ್ಟಿಗೆ ಎರಡು ಕೋಟ್ ಹೊಡೆದು ಗೋಡೆಗೆ ಒರಗಿಸಿ. ಬೆಳಿಗ್ಗೆ ನೋಡಿ, ರಾತ್ರಿ ಲೈಟ್ ಹಾಕಿಯೂ ನೋಡಿ.

ಫ್ಯಾನ್‌ಕೆಳಗೆ
ಬೆಟ್ಟದ ಹಿಂದಿನಿಂದ ಎಲ್‌ಇಡಿ ಬೆಳಕು ಏಳುತ್ತದಲ್ಲಾ ಆಂಟಿ! ಸೂಪರ್ ಆಗಿರುತ್ತದೆ. ಮುಗಿದ ಮೇಲೆ ಫೋಟೊ ಹಾಕಲು ಅವಳಿಗೇ ಹೇಳಿ.

ಕಿಟಕಿಪಕ್ಕ
ಖಂಡಿತ ಹಾಕಿಸುತ್ತೇನೆ. ರಟ್ಟು ಎರಡು ದಿನದಿಂದ ಗೋಡೆಗೆ ಒರಗಿದೆ. ಅಂಗಡಿಯ ಕಾರ್ಡಿನಲ್ಲಿ ಇಷ್ಟವಾಗಿದ್ದ ಶೇಡ್ ರಾತ್ರಿ ಪೂರ್ತಿ ಕಪ್ಪು ಕಂಡಿತು. ಅದಕ್ಕಿಂತ ಒಂದು ಮೆಟ್ಟಿಲು ತಿಳಿಯಾದದ್ದನ್ನು ಅವಳೇ ಆರಿಸಿದಳು, ನಾನು ಬಾಯಿ ಬಿಡಲಿಲ್ಲ. ಈ ಶನಿವಾರ ಪುಟ್ಟಿ, ಪ್ರೈಮರ್. ಕೊನೆಯದಾಗಿ ಎರಡು ಪ್ರಶ್ನೆ. ಅವಳು ಅದೇ ಕೋಣೆಯಲ್ಲಿ ಯಾವಾಗ ಮಲಗಬಹುದು? ಉಳಿದ ಬಣ್ಣ ಇಟ್ಟುಕೊಳ್ಳುವುದು ಹೇಗೆ?

ಬ್ರಶ್‌ಕೆಲಸ
ವಾಸನೆ ಕಡಿಮೆ ಇರುವ, ನೀರಿನ ಬಣ್ಣವೇ ತೆಗೆದುಕೊಳ್ಳಿ. ಕಿಟಕಿ ತೆರೆದಿಡಿ, ಫ್ಯಾನ್ ಗಾಳಿಯನ್ನು ಹೊರಕ್ಕೆ ತಳ್ಳುವ ಹಾಗೆ ಇಡಿ. ವಾಸನೆ ಪೂರ್ತಿ ಹೋಗುವವರೆಗೆ, ಕಡಿಮೆ ಅಂದರೂ ಒಂದೆರಡು ರಾತ್ರಿ, ಬೇರೆ ಕಡೆ ಮಲಗಲಿ. ಪ್ರೈಮರ್ ದಿನಕ್ಕೂ ಇದೇ ಮಾತು.

ಉಳಿದ ಬಣ್ಣವನ್ನು ದೊಡ್ಡ ಡಬ್ಬಿಯಲ್ಲೇ ಬಿಡಬೇಡಿ, ಒಳಗಿನ ಗಾಳಿಗೆ ಮೇಲೆ ಕೆನೆಗಟ್ಟುತ್ತದೆ. ಗಾಜಿನ ಚಿಕ್ಕ ಬಾಟಲಿಗೆ ಕಂಠದವರೆಗೆ ತುಂಬಿ, ಬಾಯಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಳ ಬಿಗಿ ಮಾಡಿ. ಬಿಸಿಲು ಬೀಳದ ಜಾಗದಲ್ಲಿ ಇಡಿ. ಗೋಡೆಗೆ ಗೀರು ಬಿದ್ದರೆ ತೇಪೆ ಹಾಕಲು ಅಷ್ಟೇ ಸಾಕು. ಶೇಡ್ ನಂಬರ್, ತಂದ ತಿಂಗಳು ಎರಡನ್ನೂ ಬಾಟಲಿಯ ಮೇಲೂ ಬರೆಯಿರಿ, ಬೀರುವಿನ ಬಾಗಿಲ ಒಳಬದಿಗೂ ಬರೆಯಿರಿ. ಬಾಟಲಿ ಕಳೆದುಹೋದರೂ ನಂಬರ್ ಕೊಟ್ಟರೆ ಅಂಗಡಿಯಲ್ಲಿ ಅದೇ ಬಣ್ಣ ಬೆರೆಸಿಕೊಡುತ್ತಾರೆ.